ಬೆಲ್ಲದ ಕಾಹಿಲ, ಕುದುರೆಯ ಶಿಕ್ಕಾ

ಮೊನ್ನೆ ಪಿಂಚಣಿ ಕಚೇರಿಯಲ್ಲಿ ಒಂದು ಯಂತ್ರದ ಮೇಲೆ ನನ್ನ ಹೆಬ್ಬೆರಳು ಒತ್ತಿಸಿದರು. ನಾನಿನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ರುಜುವಾತು ಕೊಡಬೇಕಲ್ಲ, ಅದಕ್ಕೆ. ಯಂತ್ರ ಒಪ್ಪಲಿಲ್ಲ. ಬಲಗೈ ಒತ್ತಿದೆ, ಎಡಗೈ ಒತ್ತಿದೆ, ಸೆರಗಿಗೆ ಒರೆಸಿ ಮತ್ತೊಮ್ಮೆ ಒತ್ತಿದೆ. "ಬೆರಳಿನ ಗೆರಿ ಸವದಾವ್ರಿ ಅಕ್ಕೋರ, ಭಾಳ ಭಾಂಡೆ ತಿಕ್ಕೀರೇನು?" ಎಂದ ಅಲ್ಲಿ ಕೂತಿದ್ದ ತರುಣ. ಭಾಂಡೆ ತಿಕ್ಕಿದ್ದು ಅಷ್ಟಕ್ಕಷ್ಟೇ, ಖಡು ಹಿಡಿದು ಕಪ್ಪು ಹಲಗೆಯ ಮೇಲೆ ಬರೆದದ್ದೇ ಹೆಚ್ಚು. ಹೆಬ್ಬೆಟ್ಟು ಒತ್ತಬೇಡಿ, ಸಹಿ ಕಲಿಯಿರಿ ಎಂದು ಸಾಲಿ ಮಕ್ಕಳ ತಾಯಂದಿರ ಬೆನ್ನು ಹತ್ತಿ ತಿರುಗಿದವಳು ನಾನು. ಕೊನೆಗೆ ನನ್ನ ಜೀವವೇ ಹೆಬ್ಬೆಟ್ಟಿನ ಮೇಲೆ ಬಂದು ನಿಂತಿತು ನೋಡಿ.

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಚಹಾ ಮಾಡಿಕೊಂಡು ಟ್ರಂಕಿನ ತಳದಿಂದ ನನ್ನ ಹಳೆಯ ವಹಿ ಹೊರಗೆ ತೆಗೆದೆ. ವಹಿ ಎಂದರೆ ನೋಟುಬುಕ್ಕು. ಸೊಲ್ಲಾಪುರದ ಕಡೆಯವರ ಬಾಯಿಗೆ ಈ ಮಾತೇ ಸಲೀಸು. ಅದರ ಒಂದು ಪುಟದಲ್ಲಿ ಎರಡು ಹೆಬ್ಬೆಟ್ಟಿನ ಗುರುತುಗಳಿವೆ. ಎರಡೂ ಅರಿಶಿನದವು, ಎರಡರ ಗೆರೆಗಳೂ ಇನ್ನೂ ಕಾಣುತ್ತವೆ. ಮೊದಲನೆಯದು ಬಿದ್ದಾಗ ನನಗೆ ಹತ್ತು ವರ್ಷ, ಎರಡನೆಯದು ಬಿದ್ದಾಗ ಐವತ್ತು. ಆ ಯಂತ್ರಕ್ಕಂತೂ ತೋರಿಸಲಾಗಲಿಲ್ಲ, ನಿಮಗಾದರೂ ತೋರಿಸುತ್ತೇನೆ.

ನಮ್ಮೂರು ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ಹಾದಿಯಲ್ಲಿ, ಒಂದು ಹಳೆಯ ಕೆರೆಯ ದಂಡೆಗಿತ್ತು. ಸಂಸ್ಥಾನದ ಕಾಲದ ಕೆರೆ. ಈಚೆ ದಡದಲ್ಲಿ ನಮ್ಮ ಕಬ್ಬು, ಜೋಳ. ಆಚೆ ದಡದಲ್ಲಿ ಬೇವು, ಜಾಲಿ, ಬಾರಿ, ಹುಣಸೆ, ಎಲ್ಲ ಒಂದರ ಮೈಮೇಲೆ ಒಂದು ಬಿದ್ದು ಬೆಳೆದಿದ್ದವು. ನಿಜವಾದ ಕಾಡು ಕಂಡವರು ಇದನ್ನು ಕಾಡು ಅಂದರೆ ನಕ್ಕಾರು. ನಮಗೆ ಅದೇ ದೊಡ್ಡ ಕಾಡು. ಅಲ್ಲಿ ಹುಲಿ ಇದೆ ಎಂದು ನಾನು ಸಾಲಿಯಲ್ಲಿ ಹೇಳಿದ್ದೆ. ಯಾರೂ ಇಲ್ಲ ಅಂದಿರಲಿಲ್ಲ.

ಶಂಕರಮಾಮಾ ನನ್ನ ಅವ್ವನ ತಮ್ಮ. ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಘಡಿ ಖಾತೆಯಲ್ಲಿದ್ದ. ನೇಯ್ದ ಧೋತರ, ಸೀರೆಗಳನ್ನು ಮಡಚಿ ಘಡಿ ಮಾಡಿ, ಅಂಚಿಗೆ ಗಿರಣಿಯ ಶಿಕ್ಕಾ, ಅಂದರೆ ಮುದ್ರೆ, ಒತ್ತುವ ಕೆಲಸ. ಪ್ರತಿ ಶನಿವಾರ ಸಂಜೆ ಮೋಟಾರಿನಲ್ಲಿ ನಮ್ಮೂರಿಗೆ ಬರುತ್ತಿದ್ದ. ಇಪ್ಪತ್ನಾಲ್ಕು ವರ್ಷದವ, ಕಡ್ಡಿಯ ಹಾಗಿದ್ದ, ತಲೆ ತುಂಬ ಯೋಜನೆಗಳು. ಒಂದು ವಾರ ಗಾಳಿಪಟದಿಂದ ಬಾವಿಯ ನೀರು ಎತ್ತುವುದು, ಇನ್ನೊಂದು ವಾರ ಜೇನು ಸಾಕುವುದು. ಜೇನು ಅವನನ್ನು ಸಾಕಲಿಲ್ಲ, ಕಚ್ಚಿ ಓಡಿಸಿತು.

ಒಂದು ಶನಿವಾರ ಅವನು ತಂದ ಶೇಂಗಾದ ಪೊಟ್ಟಣ ಬಿಚ್ಚಿದರೆ ಒಳಗೆ ಒಂದು ಚಿತ್ರ. ಯಾವುದೋ ವಿಲಾಯತಿ ಮಾಸಿಕದ ಹಾಳೆ. ಗಿಡಮರ ತುಂಬಿದ ಸರೋವರದ ದಂಡೆಗೆ ಉದ್ದನೆಯ ಸಣ್ಣ ದೋಣಿ ನಿಂತಿದೆ, ಟೊಪ್ಪಿಗೆ ಹಾಕಿದ ಒಬ್ಬ ಬಿಳಿ ಮಡ್ಡಮ್ಮ ಗಿಡದ ಪೊಟರೆಯಿಂದ ಪೆಟ್ಟಿಗೆಯೊಂದನ್ನು ತೆಗೆಯುತ್ತಿದ್ದಾಳೆ. ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಅದರಲ್ಲಿ ಎರಡು ಎಣ್ಣೆ ಕುಡಿದು ಅಳಿಸಿಹೋಗಿದ್ದವು. ಮಾಮಾ ಉಳಿದ ಎರಡು ಓದಿದ, ಹೋದ ಎರಡನ್ನು ತಾನೇ ಹುಟ್ಟಿಸಿದ.

"ಇದೊಂದು ಆಟ ಐತಿ ಗಂಗೂ. ಒಬ್ರು ಡಬ್ಬಿ ಬಚ್ಚಿಡ್ತಾರ. ಅದರಾಗ ಒಂದು ಶಿಕ್ಕಾ, ಒಂದು ವಹಿ. ಗುರುತಿನ ಚೀಟಿ ಓದಿ ಹುಡುಕ್ಕೋತ ಹೋಗಬೇಕು. ಸಿಕ್ತಂದ್ರ, ಡಬ್ಬ್ಯಾಗಿನ ಶಿಕ್ಕಾ ನಮ್ಮ ವಹಿಗೆ, ನಮ್ಮ ಶಿಕ್ಕಾ ಡಬ್ಬ್ಯಾಗಿನ ವಹಿಗೆ. ಹುಡುಕಿದವ್ರು ಶಿಕ್ಕಾ ಒತ್ತೇ ಒತ್ತಬೇಕು. ಒಯ್ದ್ರ ಏನರೆ ಇಟ್ಟು ಒಯ್ಯಬೇಕು."

"ಒತ್ತಿ ಏನ್ ಮಾಡೂದು?"

"ಮುಂದಿಂದು ಹುಡುಕೂದು," ಎಂದ ಮಾಮಾ. ಇಷ್ಟು ಅರ್ಥವಿಲ್ಲದ ಆಟ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಂದು ಕೂತ ಕೂತಲ್ಲೇ ಅದರ ಹುಚ್ಚು ಹಿಡಿಯಿತು.

ದೋಣಿ ಎಲ್ಲಿಂದ ತರಬೇಕು? ನಮ್ಮ ಗಾಣದ ಮನೆಯಲ್ಲಿ ಬೆಲ್ಲ ಕುದಿಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆ ಬೋರಲು ಬಿದ್ದಿತ್ತು. ನಮ್ಮ ಕಡೆ ಅದನ್ನು ಕಾಹಿಲ ಅನ್ನುತ್ತಾರೆ. ಹೊಳೆ ಬಂದಾಗ ಜನ ಅದರಲ್ಲಿ ಕೂತು ದಾಟುವುದು ಹೊಸದೇನಲ್ಲ. ಕಬ್ಬು ಅರೆಯುವ ಕಾಲ ಇನ್ನೂ ದೂರವಿತ್ತು, ಅಪ್ಪನೂ ಇಲ್ಲ ಅನ್ನಲಿಲ್ಲ. ಬೆಲ್ಲ ತಿರುವುವ ಉದ್ದನೆಯ ಕಟ್ಟಿಗೆಯೇ ನಮ್ಮ ಹುಟ್ಟಾಯಿತು. ಆದರೆ ಕಾಹಿಲಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಬಲಕ್ಕೆ ನೀರು ತಳ್ಳಿದರೆ ಎಡಕ್ಕೆ ತಿರುಗುತ್ತದೆ, ಎಡಕ್ಕೆ ತಳ್ಳಿದರೆ ಬಲಕ್ಕೆ. ಚಿತ್ರದ ಮಡ್ಡಮ್ಮ ಹೇಗೆ ನೆಟ್ಟಗೆ ಹೋಗುತ್ತಿದ್ದಳೋ ಏನೋ. ನಾವು ಗಿರಗಿಟ್ಲೆ ತಿರುಗುತ್ತಲೇ ಆಚೆ ದಡ ಮುಟ್ಟುತ್ತಿದ್ದೆವು. ಇಳಿದ ಮೇಲೆ ನಾನು ಸ್ವಲ್ಪ ಹೊತ್ತು ಬೇವಿನ ಗಿಡ ಹಿಡಿದುಕೊಂಡು ನಿಲ್ಲಬೇಕಾಗುತ್ತಿತ್ತು.

ಇನ್ನು ಶಿಕ್ಕಾ. ನನಗೆ ಮೊದಲು ಬಟಾಟೆ ಕೊಯ್ದು ನಕ್ಷತ್ರ ಮಾಡಿಕೊಟ್ಟ. ಒಂದು ವಾರದಲ್ಲಿ ಅದು ಬಾಡಿ, ನಾರಿ, ಅವ್ವನ ಕೈಯಿಂದ ತಿಪ್ಪೆ ಸೇರಿತು. ಆಮೇಲೆ ಹಳೆಯ ಟಾಯರಿನ ಚಪ್ಪಲಿ ಕೊಯ್ದು ಗಿಳಿ ಕೆತ್ತಿದ. ಒತ್ತಿ ನೋಡಿದರೆ ಬದನೆಕಾಯಿ. "ಕೊಕ್ಕು ನೋಡು, ಕೊಕ್ಕು," ಎಂದು ಮಾಮಾ ಎಷ್ಟು ಹೇಳಿದರೂ ಅದು ತೊಟ್ಟಿನ ಹಾಗೇ ಕಾಣುತ್ತಿತ್ತು. ಡಬ್ಬಿಗೆ ಮಾತ್ರ ಚೊಲೋ ಶಿಕ್ಕಾ ಬೇಕು ಎಂದು ಹಟ ಹಿಡಿದ. ಮುಂದಿನ ಶನಿವಾರ ಅಂಗಿಯೊಳಗಿಂದ ಒಂದು ಹೊರಗೆ ತೆಗೆದ. ಅಂಗೈಯಗಲದ ಸಾಗವಾನಿ ತುಂಡಿನಲ್ಲಿ ಹಿತ್ತಾಳೆಯ ಗೆರೆ ಕೂಡಿಸಿದ್ದರು. ಕುದುರೆ ಏರಿದ ಸರದಾರ, ಎತ್ತಿದ ಕೈಯಲ್ಲಿ ಖಡ್ಗ. ಕೆಂಪು ಶಾಯಿಯಲ್ಲಿ ಒತ್ತಿದರೆ ಕುದುರೆಯ ಬಾಲದ ಕೂದಲನ್ನೂ ಎಣಿಸಬಹುದಿತ್ತು.

"ಹಳೇದು. ಮೂಲ್ಯಾಗ ಬಿದ್ದಿತ್ತು," ಎಂದ ಮಾಮಾ. ಕೇಳಿ ತಂದೆಯೋ ಕೇಳದೆ ತಂದೆಯೋ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಮರುದಿನ ಬಿಸ್ಕೀಟಿನ ಡಬ್ಬಿಯಲ್ಲಿ ಶಿಕ್ಕಾ, ಶಾಯಿಯ ಬಟ್ಟೆ, ಬೇರೊಂದು ವಹಿ ಇಟ್ಟುಕೊಂಡು ಹೊರಟೆವು. ಆಚೆ ದಡ ಮುಟ್ಟಿದ ಮೇಲೆ ಒಬ್ಬರು ಕಾಹಿಲದಲ್ಲೇ ಇರಬೇಕು, ಇಲ್ಲದಿದ್ದರೆ ಅದು ತೇಲಿ ಹೋಗುತ್ತದೆ. ಮಾಮಾ ಉಳಿದ, ನನ್ನನ್ನು ಕಳಿಸಿದ. ಮೂರು ಬೇವು ದಾಟಿ, ಸೀಳು ಬಂಡೆಗೆ ಬೆನ್ನು ಕೊಟ್ಟು ನಲವತ್ತು ಹೆಜ್ಜೆ ಹೋದರೆ ದಂಡೆಯಲ್ಲೇ ಒಂದು ದೊಡ್ಡ ಬೇವಿನ ಗಿಡ, ಅದರ ಪೊಟರೆಯಲ್ಲಿ ಇಡಬೇಕು. ಗಿಡ ಸಿಕ್ಕಿತು. ಪೊಟರೆ ನನಗೆ ನಿಲುಕಲಿಲ್ಲ. ಜಿಗಿದೆ, ಕಲ್ಲು ಉರುಳಿಸಿ ಏರಿದೆ, ಕೈಗೆ ಕೆಂಜಿಗ ಹತ್ತಿದವು. ಗಿಡದ ಬುಡದಲ್ಲಿ ಮೂರು ನಾಲ್ಕು ಗುಂಡು ಕಲ್ಲು ಕೂಡಿಸಿಟ್ಟಿದ್ದರು. ನಡುವೆ ಡಬ್ಬಿ ಹಿಡಿಯುವಷ್ಟೇ ಒಣ ಜಾಗ. ಅಲ್ಲಿ ತುರುಕಿ ಓಡಿ ಬಂದೆ. ಅಷ್ಟರಲ್ಲಿ ಗಾಳಿ ಎದ್ದು, ಮಾಮಾ ಕಾಹಿಲದ ಜೊತೆ ಸುತ್ತು ತಿರುಗುತ್ತ ಬೆವೆತುಹೋಗಿದ್ದ.

"ಪೊಟರ್ಯಾಗ ಇಟ್ಟಿಯೇನು?"

"ಹೂಂ," ಅಂದೆ. ಇಡಲಾಗಲಿಲ್ಲ ಅಂದರೆ ಮುಂದಿನ ಸಲ ನನ್ನನ್ನು ಕರೆದೊಯ್ಯುವುದಿಲ್ಲ ಎಂಬ ಹೆದರಿಕೆ. ಅಷ್ಟಕ್ಕೇ ಸುಳ್ಳು ಹೇಳಿದೆ.

ಬೇರೆಯವರೂ ಬಂದು ಹುಡುಕಲಿ ಎಂದು ಮಾಮಾ ಗುರುತಿನ ಚೀಟಿಯನ್ನು ಚಾವಡಿಯ ಕಂಬಕ್ಕೆ ಅಂಟಿಸಿದ. ಹೊಸ ರಾಜ್ಯಗಳಾಗುವಾಗ ಯಾವ ಊರು ಮುಂಬಯಿಗೆ, ಯಾವ ಊರು ಮೈಸೂರಿಗೆ ಎಂದು ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡಿದ್ದ ದಿನಗಳು ಅವು. ಚೀಟಿಯಲ್ಲಿ ಬಂಡೆ, ಬೇವು, ನಲವತ್ತು ಹೆಜ್ಜೆ ಎಂದಿದ್ದದ್ದನ್ನು ನೋಡಿ, ಕೆರೆಯ ನಡುವೆಯೇ ಗಡಿ ಹಾಕುತ್ತಾರೆ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾಯಿತು. ಇಬ್ಬರು ಹಿರಿಯರು ಅಪ್ಪನ ಹತ್ತಿರ ಬಂದು, "ಎಮ್ಮಿ ಆ ರಾಜ್ಯದಾಗ ಮೇದು ಈ ರಾಜ್ಯದಾಗ ಹಾಲು ಕೊಟ್ರ ನಡೀತೈತೇನ್ರಿ?" ಎಂದು ಕೇಳಿದರು. ಮಾಮಾ ಸದ್ದಿಲ್ಲದೆ ಹೋಗಿ ಚೀಟಿ ಹರಿದುಕೊಂಡು ಬಂದ. ಹೀಗಾಗಿ ನಮ್ಮ ಡಬ್ಬಿ ಅಲ್ಲಿದೆ ಎಂದು ನಾವಿಬ್ಬರೇ ಬಲ್ಲವರಾದೆವು.

ಆಮೇಲೆ ಮೂರು ವಾರ ಮಳೆ. ನಾಲ್ಕನೆಯ ಶನಿವಾರ ಮಾಮಾ ಬಂದಾಗ ಶೇಂಗಾದ ಪೊಟ್ಟಣವಿರಲಿಲ್ಲ. ಕಣ್ಣು ಸನ್ನೆ ಮಾಡಿ ನನ್ನನ್ನು ದನದ ಕೊಟ್ಟಿಗೆಗೆ ಕರೆದ.

"ಗಂಗೂ, ಶುಕ್ರವಾರ ಖಂಡೇನವಮಿ. ಖಾತ್ಯಾಗಿನ ಎಲ್ಲಾ ಶಿಕ್ಕಾ, ಕತ್ರಿ, ಗಜ ಸಾಲಾಗಿ ಇಟ್ಟು ಪೂಜಾ ಮಾಡ್ತಾರ. ಕುದುರಿ ಶಿಕ್ಕಾ ನಡುವ ಇರತೈತಿ. ಖಾತೆ ನೋಡ್ಕೊಳ್ಳೂ ಮುಕಾದಮ ಕೇಳಾಕ ಹತ್ಯಾನ, ಕುದುರಿ ಎಲ್ಲಿ ಅಂತ."

"ಮೂಲ್ಯಾಗ ಬಿದ್ದಿತ್ತು ಅಂದಿದ್ದೆಲ್ಲ?"

"ಮೂಲ್ಯಾಗೇ ಇತ್ತು. ಅದರ ಜಾಗಾನೇ ಆ ಮೂಲಿ," ಎಂದ ಮಾಮಾ.

ಶಿಕ್ಕಾ ಇಲ್ಲವೆಂದರೆ ಕಳವು ಅನ್ನುತ್ತಾರೆ. ಕಳವು ಅಂದರೆ ನೌಕರಿ ಹೋಯಿತು. ನೌಕರಿ ಹೋದರೆ ಲಗ್ನವೂ ಹೋಯಿತು, ಯಾಕೆಂದರೆ ಅವ್ವ ಆರು ತಿಂಗಳು ಓಡಾಡಿ ಅಕ್ಕಲಕೋಟದಲ್ಲಿ ಗೊತ್ತು ಮಾಡಿದ ಹುಡುಗಿಯ ತಂದೆ ಒಪ್ಪಿದ್ದೇ "ಗಿರಣಿ ನೌಕರಿ, ಪಕ್ಕಾ" ಎಂಬ ಒಂದು ಮಾತಿಗೆ. ದೀಪಾವಳಿಯಾದ ಮೇಲೆ ಮುಹೂರ್ತ. ಮಾಮಾ ಆ ಹುಡುಗಿಯನ್ನು ಒಂದೇ ಸಲ ನೋಡಿದ್ದ, ಆದರೆ ದಿನಕ್ಕೆ ಹತ್ತು ಸಲ ಅಕ್ಕಲಕೋಟದ ಸುದ್ದಿ ತೆಗೆಯುತ್ತಿದ್ದ. "ಅವ್ವಗ ಹೇಳಬ್ಯಾಡ. ಪೊಟರ್ಯಾಗ ಐತೆಲ್ಲ, ನಾಳೆ ತಗೊಂಡು ಬರೂಣು," ಎಂದ. ಪೊಟರೆ ಎಂಬ ಮಾತು ಕೇಳಿ ನಾನು ಅವನ ಕಡೆ ಬೆನ್ನು ಮಾಡಿ ಎಮ್ಮೆಗೆ ಹುಲ್ಲು ಹಾಕತೊಡಗಿದೆ.

ರವಿವಾರ ಬೆಳಗ್ಗೆ ಕಾಹಿಲ ಎಂದಿಗಿಂತ ಹೆಚ್ಚು ತಿರುಗಿತು. ದಡ ಹತ್ತಿರ ಬಂದಂತೆ ಕುರಿಗಳ ದನಿ ಕೇಳಿತು. ಬೋರಾಮಣಿಯ ಹುಲ್ಲುಗಾವಲಿಗೆ ಹೋಗಿದ್ದ ಕುರುಬರು ತಿರುಗಿ ಬಂದಿದ್ದರು. ದೊಡ್ಡ ಬೇವಿನ ಕೆಳಗೆ ಕಂಬಳಿ ಹೊದ್ದು ಉಣ್ಣೆ ನೂಲುತ್ತ ಕೂತಿದ್ದವಳು ಮಾಳವ್ವ. ಆ ಹಟ್ಟಿಯ ಹಿರಿಯಳು, ದೀಪಾವಳಿಗೆ ನಮ್ಮ ಮನೆಗೆ ಕುರಿಹಾಲು ತಂದುಕೊಡುತ್ತಿದ್ದವಳು. ಅವಳ ಹಿಂದೆ ನಾನು ನೋಡಿದ ಗುಂಡು ಕಲ್ಲುಗಳು. ಆದರೆ ಈಗ ಅವಕ್ಕೆಲ್ಲ ಭಂಡಾರ ಬಳಿದಿತ್ತು, ಅದೇ, ಕುರುಬರ ಕುದುರೆ ಸವಾರ ದೇವರು ಮೈಲಾರನಿಗೆ ಏರಿಸುವ ಅರಿಶಿನ. ಮಳೆಗೆ ತೊಳೆದುಹೋಗಿದ್ದರಿಂದ ಅಂದು ನನಗೆ ಅವು ಬರೀ ಕಲ್ಲಾಗಿ ಕಂಡಿದ್ದವು. ಕಲ್ಲುಗಳ ನಡುವೆ ನಮ್ಮ ಶಿಕ್ಕಾ ನೆಟ್ಟಗೆ ನಿಂತಿತ್ತು, ಸರದಾರನ ಮುಖದ ತುಂಬ ಅರಿಶಿನ, ಕುದುರೆಯ ಕೊರಳಿಗೆ ಕೆಂಪು ದಾರ. ಬಿಸ್ಕೀಟಿನ ಡಬ್ಬಿಯ ಮುಚ್ಚಳದಲ್ಲಿ ಕೊಬ್ಬರಿ ಚೂರು.

ಈ ಸಲ ಕಾಹಿಲಕ್ಕೆ ಹಗ್ಗ ಕಟ್ಟಿದ್ದೆವು. ಅದನ್ನು ನನ್ನ ಕೈಗೆ ಕೊಟ್ಟು ಮಾಮಾ ಇಳಿದ, ಹಿಂದೆ ನಾನೂ ಇಳಿದೆ. ಮಾಮಾ ನೋಡಿದ. ಕೂತುಬಿಟ್ಟ.

"ಬರ್ರಿ, ಕೈ ಮುಗೀರಿ," ಎಂದಳು ಮಾಳವ್ವ. "ಮೈಲಾರಿ ತಾನಾಗೇ ಕುದುರಿ ಏರಿ ಬಂದಾನ. ನಾವು ಬಂದ ದಿನಾನೇ ಎರಡು ಕುರಿ ಅವಳಿ ಈದಾವ್ರಿ."

ಮಾಮಾ ಕೈ ಮುಗಿದ. ಆಮೇಲೆ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ. ಆಟ, ಗಿರಣಿ, ಖಂಡೇನವಮಿ, ಅಕ್ಕಲಕೋಟ, ಒಂದೂ ಬಿಡಲಿಲ್ಲ. ಮಾಳವ್ವ ನೂಲುವುದು ನಿಲ್ಲಿಸದೆ ಕೇಳಿದಳು.

"ಇಲ್ಲಿ ದೇವರ ನಡುವ ತಂದು ಇಟ್ಟವರು ಯಾರ್ರಿ?"

ನಾನು ಹಗ್ಗವನ್ನು ನೋಡತೊಡಗಿದೆ. ನಾನೇ ಎಂದು ಹೇಳಬೇಕಿತ್ತು, ಹೇಳಲಿಲ್ಲ.

"ನಾನೇ ಇಟ್ಟೀನಿ ಆಯಿ," ಎಂದ ಮಾಮಾ.

ಪೊಟರೆಯಿಂದ ಕುರುಬರೇ ತೆಗೆದು ಇಲ್ಲಿಟ್ಟಿದ್ದಾರೆ ಎಂದು ಅವನು ತಿಳಿದಿರಬೇಕು, ಜಗಳ ಬೇಡವೆಂದು ಹೀಗೆ ಅಂದಿರಬೇಕು ಎಂದುಕೊಂಡೆ. ನನಗೆ ಜೀವ ಬಂದಿತು, ನಾಚಿಕೆಯೂ ಬಂದಿತು. ಹೆಚ್ಚು ಬಂದದ್ದು ಜೀವವೇ, ಸುಳ್ಳು ಯಾಕೆ ಹೇಳಲಿ.

"ಇಟ್ಟವರು ನೀವು. ಇಡಿಸಿದವ ಯಾರು?" ಎಂದಳು ಮಾಳವ್ವ. "ಅಂವಗ ಕೊಟ್ಟ ಕುದುರಿ ಹಿಂದ ಕೊಡಾಕ ನಾ ಯಾರ್ರಿ? ಅವನ್ನೇ ಕೇಳ್ರಿ."

ಕೇಳುವ ರೀತಿ ನಿಮಗೆ ಗೊತ್ತಿರಬಹುದು. ದಂಡೆಯ ತಂಗಡಿ ಗಿಡದಿಂದ ಎರಡು ಹಳದಿ ಎಸಳು ತಂದು, ಒದ್ದೆ ಮಾಡಿ, ನಡುವಿನ ಕಲ್ಲಿಗೆ ಬಲಕ್ಕೊಂದು ಎಡಕ್ಕೊಂದು ಅಂಟಿಸಿದಳು. ಬಲದ್ದು ಮೊದಲು ಬಿದ್ದರೆ ದೇವರು ಹೂಂ ಅಂದಂತೆ. ಎಡದ್ದು ಬಿದ್ದರೆ ಇಲ್ಲ.

ಕೂತೆವು. ಬಿಸಿಲು ಏರಿತು. ಎಸಳುಗಳು ಅಲ್ಲಾಡಲಿಲ್ಲ. ಒಂದು ಕುರಿಮರಿ ಬಂದು ಮಾಮಾನ ಅಂಗಿಯ ಗುಂಡಿ ಚೀಪಿತು, ಅವನಿಗೆ ಗೊತ್ತೂ ಆಗಲಿಲ್ಲ. ಅಷ್ಟರಲ್ಲಿ ಎಡಗಡೆಯ ಎಸಳಿನ ತುದಿ ಕಲ್ಲು ಬಿಟ್ಟು ಮೆಲ್ಲಗೆ ಏಳತೊಡಗಿತು.

ಮಾಳವ್ವ ಎದ್ದಳು. "ಏನ್ ಶೆಕಿ ಯವ್ವಾ," ಎನ್ನುತ್ತ ಹೊದ್ದಿದ್ದ ಕಂಬಳಿ ತೆಗೆದು, ಕಲ್ಲಿನ ಬಲಕ್ಕೆ ನಿಂತು ಪಟ್ಟನೆ ಒಮ್ಮೆ ಝಾಡಿಸಿದಳು. ಬಲಗಡೆಯ ಎಸಳು ಹಾರಿ ಮುಚ್ಚಳದಲ್ಲಿ ಬಿತ್ತು.

"ಬಲಕ್ಕ ಆತು ನೋಡ್ರಿ!"

ನಾನು ಬಾಯಿ ತೆರೆದು ಅವಳನ್ನೇ ನೋಡಿದೆ. ಅವಳೂ ನನ್ನನ್ನು ನೋಡಿದಳು. "ಹಂಗ್ಯಾಕ ನೋಡ್ತಿ ತಂಗಿ? ಗಾಳಿನೂ ಅವಂದೇ," ಎಂದಳು.

ಶಿಕ್ಕಾ ಎತ್ತಿ ಮಾಮಾನ ಕೈಗೆ ಕೊಡುವಾಗ ಒಂದು ಕರಾರು ಹಾಕಿದಳು. "ದೇವರ ಮುಂದ ಜಾಗಾ ಖಾಲಿ ಬಿಡಬಾರದು. ಕುದುರಿ ಒಯ್ದಲ್ಲಿ ಕುದುರಿ ಇಡಬೇಕ್ರಿ." ಮಾಮಾನ ಮುಖ ಅರಳಿತು. ಅವನು ಅರ್ಧ ಹುಟ್ಟಿಸಿದ ಆಟದ ನಿಯಮವನ್ನೇ ಅವಳು ಹೇಳುತ್ತಿದ್ದಳಲ್ಲ! ಕೂಡಲೇ ನನ್ನ ಕಿಸೆಯಿಂದ ಟಾಯರಿನ ಗಿಳಿಯನ್ನು ಕಿತ್ತುಕೊಂಡು, ಕುದುರೆ ಬರುವವರೆಗೆ ಇದು ಇರಲಿ ಎಂದು ಕಲ್ಲುಗಳ ನಡುವೆ ಇಟ್ಟ. ಮಾಳವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಬದನಿಕಾಯಿ ಏರ್ಸೂದು ಯಾವ ದೇವರಿಗಿ ಐತ್ರಿ?" ಎಂದಳು. ಆಮೇಲೆ ಅದಕ್ಕೂ ಭಂಡಾರ ಹಚ್ಚಿದಳು.

ಅಲ್ಲಿಗೆ ಮುಗಿಸಿ ಬರಬಹುದಿತ್ತು. ನಮ್ಮ ಮಾಮಾ ಬಿಡಬೇಕಲ್ಲ! ಅಂಥ ಹೊತ್ತಿನಲ್ಲೂ ನನ್ನ ವಹಿ ತೆಗೆದು ಅವಳ ಮುಂದೆ ಹಿಡಿದ. "ಡಬ್ಬಿ ಹುಡುಕಿದವ್ರು ಶಿಕ್ಕಾ ಒತ್ತಬೇಕು ಆಯಿ. ಹೆಬ್ಬಟ್ಟಾದ್ರೂ ನಡೀತೈತಿ."

"ಹೆಬ್ಬಟ್ಟು ಯಾಕ್ರಿ? ಹೊಲ ಬರಸ್ಕೊತೀರೇನು?" ಎಂದು ಕೇಳಿ ತಾನೇ ನಕ್ಕಳು. "ಹೊಲ ಎಲ್ಲೈತಿ ನನಗ! ಒತ್ತತೀನಿ ತರ್ರಿ." ಭಂಡಾರದಲ್ಲಿ ಎಣ್ಣೆ ಕಲಸಿ ಹೆಬ್ಬೆರಳು ಅದ್ದಿ ಗಟ್ಟಿಯಾಗಿ ಒತ್ತಿದಳು. ಅದೇ ಮೊದಲನೆಯ ಗುರುತು.

ಖಂಡೇನವಮಿಯ ದಿನ ಮುಕಾದಮನು ಸಾಲಿನಲ್ಲಿದ್ದ ಕುದುರೆ ಶಿಕ್ಕಾವನ್ನು ಕೈಗೆತ್ತಿಕೊಂಡು, "ಇದಕ್ಕ ಮೊದಲೇ ಯಾರು ಪೂಜಾ ಮಾಡ್ಯಾರ?" ಎಂದು ಕೇಳಿದನಂತೆ. ಎಷ್ಟು ತಿಕ್ಕಿದರೂ ಗೆರೆಗಳೊಳಗಿನ ಅರಿಶಿನ ಹೋಗಿರಲಿಲ್ಲ. "ನಮ್ಮೂರ ಮೈಲಾರನ ಕಡೆ ಒಯ್ದು ಪೂಜಾ ಮಾಡ್ಸಿಕೊಂಡು ಬಂದೀನ್ರಿ," ಎಂದನಂತೆ ಮಾಮಾ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮುಕಾದಮ ಶಿಕ್ಕಾವನ್ನು ಕಣ್ಣಿಗೊತ್ತಿಕೊಂಡು ಮೊದಲಿನ ಜಾಗದಲ್ಲಿಟ್ಟ. ದೀಪಾವಳಿಯಾದ ಮೇಲೆ ಅಕ್ಕಲಕೋಟದ ಮಾಮಿ ನಮ್ಮವಳಾದಳು.

ಕುದುರೆಯನ್ನು ಮಾಮಾ ಕೈಯಾರೆ ಕೆತ್ತಿದ. ಜಾಲಿಯ ತುಂಡು, ಹದಿನೈದು ದಿನದ ಕೆಲಸ, ಎರಡು ಬೆರಳಿಗೆ ಪಟ್ಟಿ. ಮಾಳವ್ವ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಕುರಿ ಭಾಳ ಚೊಲೋ ಆಗೇತ್ರಿ," ಎಂದು ಮೈಲಾರನ ಮುಂದೆ ಇಟ್ಟಳು. ಕಾಹಿಲ ಕೆರೆಯ ನಡುವೆ ಬರುವವರೆಗೆ ನಗು ತಡೆದುಕೊಂಡೆವು.

ಪೊಟರೆಯ ಸುಳ್ಳನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಸಾಲಿಯಲ್ಲಿ ಮಕ್ಕಳಿಗೆ ನಿಜ ಹೇಳಿರಿ ಎಂದು ಪಾಠ ಮಾಡುವಾಗೆಲ್ಲ ಆ ಬೇವಿನ ಗಿಡ ಕಣ್ಣ ಮುಂದೆ ಬರುತ್ತಿತ್ತು. ನನಗೆ ಐವತ್ತಾದ ವರ್ಷ ಸೊಲ್ಲಾಪುರದಲ್ಲಿ ಮಾಮಾನ ಮನೆಗೆ ಹೋಗಿದ್ದೆ. ಗಿರಣಿ ಬಿಟ್ಟು ಮನೆಯಲ್ಲಿದ್ದ. ಕಣ್ಣು ಮಂದವಾಗಿತ್ತು, ಯೋಜನೆಗಳು ಮಾತ್ರ ಮಂದವಾಗಿರಲಿಲ್ಲ. ವಹಿ ಒಯ್ದಿದ್ದೆ. ಪುಟ ತಿರುವುತ್ತ, ಮಾಮಿ ಅಡುಗೆಮನೆಯಲ್ಲಿದ್ದ ಹೊತ್ತು ನೋಡಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಮಾಮಾ, ಆ ಡಬ್ಬಿ ದೇವರ ಕಲ್ಲಿನ ನಡುವ ಇಟ್ಟಾಕಿ ನಾನು. ಪೊಟರಿ ನಿಲುಕಲಿಲ್ಲ. ಸುಳ್ಳು ಹೇಳಿದೆ. ನಿನ್ನ ನೌಕರಿ ಹೋಗ್ತಿತ್ತು."

ಮಾಮಾ ಚಹಾದ ಬಶಿ ಕೆಳಗಿಟ್ಟ. "ಗೊತ್ತೈತಿ," ಎಂದ.

"ಗೊತ್ತೈತಿ? ಯಾವಾಗಿಂದ?"

"ಅವತ್ತಿಂದ. ಕಾಹಿಲ ತಿರಗಾಕ ಹತ್ತಿತ್ತಲ್ಲ. ಒಂದು ಸುತ್ತಿನ್ಯಾಗ ನೀ ಜಿಗ್ಯಾಕ ಹತ್ತಿದ್ದಿ. ಇನ್ನೊಂದು ಸುತ್ತಿನ್ಯಾಗ ಕಲ್ಲಿನ ಕಡೆ ಬಗ್ಗಿದ್ದಿ. ಮೂರನೇ ಸುತ್ತಿಗೆ ಓಡಿ ಬರಾಕ ಹತ್ತಿದ್ದಿ."

"ಮತ್ತ ಆವತ್ತು ಮಾಳವ್ವನ ಮುಂದ ನಾನೇ ಇಟ್ಟೀನಿ ಅಂದಿ?"

"ಕಂಡೂ ಸುಮ್ಮಕಿದ್ದವ ನಾನು. ನಿನ್ನ ಕೈಗಿ ನಿಲುಕಿದ್ದು ಅದೊಂದೇ ಜಾಗಾ ಅಂತ ಬಿಟ್ಟೆ. ಅಂದ್ಮ್ಯಾಲ ನಾನೇ ಇಟ್ಟಂಗ ಆತಿಲ್ಲೊ?"

ಐವತ್ತು ವರ್ಷದ ಸಾಲಿ ಅಕ್ಕೋರು ನಾನು, ಅವನ ಎದುರು ಕೂತು ಹತ್ತು ವರ್ಷದವಳ ಹಾಗೆ ಸೆರಗಿನಿಂದ ಮೂಗು ಒರೆಸಿಕೊಂಡೆ. ಮಾಮಾ ನೋಡಿಯೂ ನೋಡದ ಹಾಗೆ ಅಡುಗೆಮನೆಯತ್ತ ಕೂಗಿದ.

"ಏ, ಸ್ವಲ್ಪ ಅರಿಶಿನ ತಾ. ಒಂದು ಹನಿ ಎಣ್ಣಿನೂ ಹಾಕು."

"ಯಾಕ ಮಾಮಾ?"

"ನಲವತ್ತು ವರ್ಷ ಬಚ್ಚಿಟ್ಟಿ. ಹು‍ಡುಕಿದವ ಶಿಕ್ಕಾ ಒತ್ತಬೇಕಿಲ್ಲೊ?" ಎಂದು, ವಹಿಯನ್ನು ತನ್ನತ್ತ ಎಳೆದುಕೊಂಡು, ಮಾಳವ್ವನ ಹೆಬ್ಬೆಟ್ಟಿನ ಪಕ್ಕದಲ್ಲಿ ತನ್ನದನ್ನು ಒತ್ತಿದ.